ಅಪ್ಪಯ್ಯ ಒಪ್ಪದ ಮುಕ್ತಾಯ

ಕಾಸರಕೋಡ, ಹೊನ್ನಾವರ ತಾಲೂಕು
ಮಂಗಳವಾರ, ೨೧ನೇ ಜನವರಿ ೧೯೬೪

ಪ್ರೀತಿಯ ಮಾಣಿ ತ್ರ್ಯಂಬಕನಿಗೆ ಆಯಿಯ ಆಶೀರ್ವಾದ. ಹುಷಾರಿದ್ದೀಯಾ? ಕೆಮ್ಮು ಹೋಯಿತೋ ಇಲ್ಲವೋ, ನಿನ್ನ ಕಾಗದದಲ್ಲಿ ಅದರ ಸುದ್ದಿಯೇ ಇಲ್ಲ. ನಾನು ಕಳಿಸಿದ ಕಷಾಯದ ಪುಡಿಯ ಮುಚ್ಚಳವನ್ನೂ ನೀನು ತೆಗೆದಿರಲಿಕ್ಕಿಲ್ಲ, ನನಗೆ ಗೊತ್ತು. ಹುಬ್ಬಳ್ಳಿಯ ಖಾನಾವಳಿಯಲ್ಲಿ ರಾತ್ರಿಯಾದರೂ ಅನ್ನ ಹಾಕುತ್ತಾರೋ, ಎರಡು ಹೊತ್ತೂ ರೊಟ್ಟಿಯೋ? ಇಲ್ಲಿ ನಾವೆಲ್ಲ ಆರಾಮ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ಎಷ್ಟು ಆರಾಮ ಎಂಬುದು ಮುಂದೆ ಓದಿದರೆ ತಿಳಿಯುತ್ತದೆ.

ನಿನ್ನ ಕಾಗದ ಶುಕ್ರವಾರ ಮಧ್ಯಾಹ್ನ ಬಂತು. ಅಂಗಡಿಯ ಸಾಹುಕಾರರು ನಾಗಪುರದಲ್ಲಿ ಹೊಸ ರೇಡಿಯೋ ಅಂಗಡಿ ತೆರೆಯುತ್ತಾರೆ, ಒಂದನೇ ತಾರೀಖಿಗೆ ನಾನೂ ಹೊರಟೆ, ಮತ್ತೆ ಈ ಕಡೆಗೆ ಬರುವುದು ಯಾವಾಗಲೋ ಎಂದು ಎರಡೇ ಸಾಲಿನಲ್ಲಿ ಬರೆದು ಮುಗಿಸಿದೆ. ಅದರ ಕೆಳಗೆ, ಶನಿವಾರ ಗದಗಕ್ಕೆ ಹೋಗಬೇಕು, ‘ಕಂಬಕ್ಕೆ ಹೇಳಿದ್ದು’ ನಾಟಕದ ಕೊನೆಯ ಕಂತು ನನಗೆ ತಪ್ಪುತ್ತದೆ, ಹೇಗೆ ಮುಗಿಯಿತು ಎಂದು ಬಿಡಿಸಿ ಬರೆ ಎಂದು ಅರ್ಧ ಪುಟ! ಅಯ್ಯೋ ಮಾರಾಯ, ನಿನ್ನನ್ನು ಹೆತ್ತವಳಿಗೆ ಎರಡು ಸಾಲು, ರೇಡಿಯೋದವರಿಗೆ ಅರ್ಧ ಪುಟ. ಓದಿ ಅತ್ತೆ, ಸಿಟ್ಟೂ ಬಂತು. ಕಾಗದವನ್ನು ದೇವರ ಗೂಡಿನಲ್ಲಿಟ್ಟು ಬಾವಿಗೆ ಹೋಗಿದ್ದೆ. ಬಂದು ನೋಡಿದರೆ ಅದರ ಮಡಿಕೆ ಬೇರೆ ರೀತಿ ಇತ್ತು. ನಿನ್ನ ಅಪ್ಪಯ್ಯ ಓದಿದ್ದಾರೆ.

ಹಳೆಯದನ್ನು ಕೆದಕಬಾರದು, ಆದರೂ ಕೆದಕುತ್ತೇನೆ, ಬರೆದರೆ ನನ್ನ ಹೊಟ್ಟೆಯುರಿ ಇಳಿಯುತ್ತದೆ. ಮಾಸ್ತರಿಕೆ ಟ್ರೇನಿಂಗಿಗೆ ಅವರು ಓಡಾಡಿ ಕೊಡಿಸಿದ ಜಾಗ ಬಿಟ್ಟು ನೀನು ರೇಡಿಯೋ ರಿಪೇರಿಗೆ ಹೊರಟೆ. ಅವರು ಹೊಳೆ ದಾಟಿಸುವ ತಾರಿಯ ದೋಣಿಯ ಹತ್ತಿರ, ಅಷ್ಟು ಜನರ ಎದುರು, ಇಪ್ಪತ್ತೆರಡು ವರ್ಷದ ಮಗನ ಕೆನ್ನೆಗೆ ಹೊಡೆದರು. “ಡಬ್ಬಿ ರಿಪೇರಿ ಮಾಡಲೆ ಇಷ್ಟೆಲ್ಲ ಓದು ಎಂತಕ್ಕೆ ಬೇಕಾಗಿತ್ತು?” ಎಂದು ಕೂಗಿದ್ದು ಆಚೆ ದಡಕ್ಕೂ ಕೇಳಿರಬೇಕು. ನೀನು ದೋಣಿಯಲ್ಲಿ ಕೂತು ನನ್ನ ಕಡೆಗೆ ನೋಡಿ, “ಅಪ್ಪಯ್ಯ ಬಂದು ಕರೆಯವರೆಗೆ ಈ ಹೊಳೆ ದಾಟ್ತ್ನಿಲ್ಲೆ” ಎಂದೆ. ಎರಡು ವರ್ಷ ತುಂಬಿತು. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ, ನಮ್ಮ ಮನೆಯಲ್ಲಿ ಅಪ್ಪ ಮಗನ ಜಗಳದಲ್ಲಿ ಆಯಿ ಬಡವಾದಳು.

ಆದರೆ ನೀನು ಕೈಯಾರೆ ಜೋಡಿಸಿ ಬಿಟ್ಟುಹೋದ ರೇಡಿಯೋ ಇದೆಯಲ್ಲ, ಅದರ ಕಥೆಯನ್ನು ನಾನು ಇಷ್ಟು ದಿನ ಬರೆದಿರಲಿಲ್ಲ. ಮೊದಲು ಅವರು ಅದನ್ನು ಮುಟ್ಟುವುದಿಲ್ಲ ಎಂದು ಶಪಥ ಮಾಡಿದ್ದರು. ನಿನ್ನ ತಂಗಿ ಶ್ರೀಮತಿ ಶನಿವಾರ ಸಂಜೆ ‘ಕಂಬಕ್ಕೆ ಹೇಳಿದ್ದು’ ಹಾಕಿದರೆ ಇವರು ಜಗಲಿಯ ತುದಿಯಲ್ಲಿ ಬೆನ್ನು ತಿರುಗಿಸಿ ಶಾಲೆಯ ಮಕ್ಕಳ ನೋಟುಪಟ್ಟಿ ತಿದ್ದುತ್ತ ಕೂತಿರುತ್ತಿದ್ದರು. ಆ ನಾಟಕದಲ್ಲಿ ಒಂದೇ ಮನೆಯಲ್ಲಿದ್ದು ಮಾತು ಬಿಟ್ಟ ದೂಮಣ್ಣ ಮತ್ತು ಅವನ ಮಗ, ಇಬ್ಬರೂ ನಡುಮನೆಯ ಕಂಬದ ಹತ್ತಿರ ಮಾತಾಡುವುದು! “ಕಂಬವೇ, ಚಹಾ ಆರುತ್ತದೆ ಎಂದು ಆ ದೊಡ್ಡ ಮನುಷ್ಯನಿಗೆ ಹೇಳು” ಎಂದು ಅಪ್ಪ, “ಕಂಬವೇ, ಸಕ್ಕರೆ ಹಾಕಿದ್ದಾರೋ ಕೇಳು” ಎಂದು ಮಗ. ನಾವೆಲ್ಲ ಬಿದ್ದು ಬಿದ್ದು ನಕ್ಕರೆ ಇವರು ಕೆಮ್ಮುತ್ತಿದ್ದರು. ಪ್ರತಿ ಶನಿವಾರ ಅದೇ ಹೊತ್ತಿಗೆ ಕೆಮ್ಮು ಬರುತ್ತದೆಯೇ? ಕಳೆದ ಮಳೆಗಾಲದಿಂದ ಈಚೆ ಕುರ್ಚಿ ಸ್ವಲ್ಪ ಸ್ವಲ್ಪವೇ ಹತ್ತಿರ ಬಂತು. ರೇಡಿಯೋ ಲೈಸೆನ್ಸಿನ ಹಣ ಕಟ್ಟುವ ದಿನ ಬಂದಾಗ ನನಗೂ ಹೇಳದೆ ಪೋಸ್ಟಿಗೆ ಹೋಗಿ ಕಟ್ಟಿ ಬಂದರು. ತೆಂಗಿನ ಮರಕ್ಕೆ ಕಟ್ಟಿದ ರೇಡಿಯೋದ ಏರಿಯಲ್ ತಂತಿ ಗಾಳಿಗೆ ಹರಿದಾಗ ಮರ ಹತ್ತುವ ಮಂಜನನ್ನು ಕರೆಸಿದವರೂ ಅವರೇ. ಹುಬ್ಬಳ್ಳಿಯಲ್ಲಿ ನೀನೂ ಅದೇ ಹೊತ್ತಿಗೆ ಅದನ್ನೇ ಕೇಳುತ್ತೀ ಎಂದು ನಾನು ಒಮ್ಮೆ ಬೇಕೆಂದೇ ಗಟ್ಟಿಯಾಗಿ ಹೇಳಿದ್ದೆ. ಆ ಮೇಲೆ ಅವರು ಒಂದು ಶನಿವಾರವೂ ತಪ್ಪಿಸಿದವರಲ್ಲ.

ಈಗ ಕೊನೆಯ ಕಂತಿಗೆ ಬರುತ್ತೇನೆ. ಜಗಲಿ ತುಂಬ ಜನ. ದೋಣಿಯ ಅಣ್ಣಪ್ಪ ದೋಣಿ ಕಟ್ಟಿ ಬಂದಿದ್ದ, ಅವನ ಹಿಂದೆಯೇ ದಾಟಬೇಕಾದವರೂ ಬಂದರು. ಸಂತೆ ಮುಗಿಸಿದ ಹನುಮಕ್ಕ ಖಾಲಿ ಬುಟ್ಟಿ ಬೋರಲು ಹಾಕಿ ಕೂತಳು. ನಾಟಕದಲ್ಲಿ ದೂಮಣ್ಣನ ಮನೆಯ ಕಂಬಕ್ಕೆ ಗೆದ್ದಲು ಹಿಡಿದಿದೆ, ತೆಗೆಯಲೇಬೇಕು ಎಂದು ಬಡಗಿ ಹೇಳಿದಾಗ ಎಲ್ಲರೂ ಚಪ್ಪಾಳೆ ಹೊಡೆದರು. ಇನ್ನು ಇವರು ಯಾರ ಹತ್ತಿರ ಮಾತಾಡಬೇಕು? ಎಂಥ ತಮಾಷೆ ಬರಬಹುದಿತ್ತು! ಅಷ್ಟರಲ್ಲಿ ಮಗನಿಗೆ ದೂರದ ಊರಿನಲ್ಲಿ ಕೆಲಸ, ಅಂದೇ ಬಸ್ಸು. ಆ ಮೇಲೆ ನಾನು ರೇಡಿಯೋ ಕೇಳಲಿಲ್ಲ, ನಿನ್ನ ಅಪ್ಪಯ್ಯನ ಮುಖವನ್ನೇ ನೋಡುತ್ತಿದ್ದೆ. ದೂಮಣ್ಣ ಓಡಿ ಬಸ್ ಸ್ಟ್ಯಾಂಡಿಗೆ ಹೋಗಿ, ಮಗನ ಎರಡೂ ಕೈ ಹಿಡಿದು, ತಪ್ಪಾಯಿತು ಮಗನೇ ಎಂದು ಅತ್ತ. ಪಿಟೀಲು ಬೇರೆ. ಮುಗಿಯಿತು.

ಜಗಲಿಯಲ್ಲಿ ಮೂಗು ಒರೆಸದವರು ಇಬ್ಬರೇ, ಶ್ರೀಮತಿ ಮತ್ತು ನಿನ್ನ ಅಪ್ಪಯ್ಯ. ಹನುಮಕ್ಕ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಲೇ ಬೈದಳು: “ಎಂತದ್ರಾ ಅಮ್ಮಾ ಇದು, ಎರಡು ವರ್ಸ ನಗ್ಸಿ ನಗ್ಸಿ ಕಡೀಗೆ ಅಳ್ಸಿ ಕಳ್ಸೂದಾ?” ಕಂಬ ಎಂತ ಆಯಿತು ಎಂದು ಯಾರೂ ಹೇಳಲಿಲ್ಲವಲ್ಲ ಎಂದು ಶ್ರೀಮತಿಗೆ ಕೊರಗು. ನನ್ನನ್ನು ಕೇಳಿದರೆ, ಬರೆದವನಿಗೆ ಕೊನೆಯ ದೋಣಿ ತಪ್ಪುವ ಗಡಿಬಿಡಿ ಇತ್ತು. ಎರಡು ವರ್ಷ ಕಟ್ಟಿದ ಗಂಟನ್ನು ಬಿಡಿಸಲು ತಾಳ್ಮೆ ಸಾಲದೆ ಕತ್ತರಿ ಹಾಕಿದ. ಆದರೂ ನಾನು ಅತ್ತೆ, ಸುಳ್ಳು ಹೇಳುವುದಿಲ್ಲ.

ನಿನ್ನ ಅಪ್ಪಯ್ಯ ಎದ್ದು ನಿಂತರು. ಜನರ ಎದುರು ಆ ರೇಡಿಯೋದ ವಿಷಯ ಬಾಯಿ ಬಿಟ್ಟಿದ್ದು ಅದೇ ಮೊದಲು. “ಇದೆಂತ ಮುಕ್ತಾಯ? ಅಪ್ಪ ಆದಂವ ಹಂಗೆ ಸೀದಾ ಹೋಗಿ ಎದುರಿಗೆ ನಿಲ್ತ್ನಾ? ಒಂದು ನೆವ ಆದ್ರೂ ಬೇಡ್ದಾ?” ಎಂದವರೇ ಒಳಗೆ ಹೋದರು. ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. ಸುಳ್ಳುಕಥೆಯ ಅಪ್ಪ ಮಗನ ಹತ್ತಿರ ಹೋದದ್ದನ್ನೂ ಸಹಿಸಲಾರದವರು ನಿಜದಲ್ಲಿ ಹೋಗುತ್ತಾರೆಯೇ? ನನ್ನ ಆಸೆ ಅಲ್ಲಿಗೇ ಬತ್ತಿತು.

ಇಷ್ಟಾದರೆ ಸಾಕಿತ್ತು. ಭಾನುವಾರ ಬೆಳಿಗ್ಗೆ ಶ್ರೀಮತಿ ಭಜನೆ ಕೇಳಲು ರೇಡಿಯೋ ತಿರುಗಿಸಿದರೆ ಸದ್ದಿಲ್ಲ. ಬ್ಯಾಟರಿ ಮೊನ್ನೆಯೇ ಹಾಕಿದ್ದು. ಗೊರ್ ಎನ್ನುವುದೂ ಇಲ್ಲ. ನೀನು ಅದನ್ನು ಜೋಡಿಸುವಾಗ ಶ್ರೀಮತಿಗೆ ಗಾಜಿನ ವಾಲ್ವುಗಳನ್ನು ತೋರಿಸಿ, ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಇದು ಮೂಕಿಯೇ ಎಂದಿದ್ದೆ. ಅಪ್ಪಯ್ಯ ಆಗ ಪೇಪರ್ ಹಿಡಿದು ಅಲ್ಲೇ ಕೂತಿದ್ದರು, ಪುಟ ಮಾತ್ರ ತಿರುಗಿಸಿರಲಿಲ್ಲ. ಈಗ ಶ್ರೀಮತಿ ಹಿಂದಿನ ಹಲಗೆ ತೆಗೆದು ನೋಡುತ್ತೇನೆ ಎಂದರೆ, “ಮುಟ್ಟಡ!” ಎಂದು ಗದರಿದರು. ಶನಿವಾರದ ಸಿಟ್ಟಿಗೆ ಅದನ್ನು ಕುಟ್ಟಿ ಹಾಳು ಮಾಡಿದ್ದಾರೆ ಎಂದೇ ನನ್ನ ಅನುಮಾನ. ಮಗನದು ಎಂದು ಮನೆಯಲ್ಲಿ ಉಳಿದಿದ್ದ ಒಂದು ದನಿ, ಅದೂ ಹೋಯಿತು. ಎರಡು ದಿನದಿಂದ ಅವರೂ ಮೂಕ, ಅದೂ ಮೂಕ. ನನಗೆ ಹೆದರಿಕೆಯಾಗುತ್ತದೆ ಮಾಣಿ.

ಆದ್ದರಿಂದ ಕೈಮುಗಿದು ಕೇಳುತ್ತೇನೆ, ಒಂದನೇ ತಾರೀಖಿನ ಒಳಗೆ ನೀನೇ ಒಮ್ಮೆ ಬಾ. ಹೊಳೆ ದಾಟುವುದಿಲ್ಲ ಎಂದರೆ ಬೇಡ, ಹೊನ್ನಾವರದ ಕಡೆಯ ದಡದಲ್ಲೇ ನಿಲ್ಲು. ನಾನೇ ದಾಟಿ ಬಂದು ಮುಖ ನೋಡಿ ಹೋಗುತ್ತೇನೆ. ನಿನ್ನ ಹಟ ನಿನ್ನಲ್ಲಿ ಇರಲಿ, ಅವರ ಹಟ ಅವರಲ್ಲಿ ಇರಲಿ, ನನಗೆ ಮಗ ಬೇಕು.

ಶ್ರೀಮತಿಯ ನಮಸ್ಕಾರ. ಹೊತ್ತಿಗೆ ಸರಿಯಾಗಿ ಉಣ್ಣು, ಕಷಾಯ ಕುಡಿ, ದೇವರು ನಿನ್ನನ್ನು ಎಲ್ಲಿದ್ದರೂ ಚೆನ್ನಾಗಿಟ್ಟಿರಲಿ.

ನಿನ್ನ ಆಯಿ,
ಪರಮೇಶ್ವರಿ

ತಾ.ಕ. – ಮಾಣಿ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಟಪಾಲು ಕಟ್ಟುವುದರೊಳಗೆ ಈ ಕಾಗದ ಆಚೆ ದಡ ಸೇರಬೇಕು, ಅಣ್ಣಪ್ಪ ಕೂಗುತ್ತಿದ್ದಾನೆ. ಮೇಲೆ ಬರೆದ ಕೊನೆಯ ಮಾತು ಬಿಟ್ಟುಬಿಡು, ನೀನು ಬರಬೇಡ, ಹುಬ್ಬಳ್ಳಿಯಲ್ಲೇ ಇರು. ಅಪ್ಪಯ್ಯ ಈಗ ಶಾಲೆಯಿಂದ ಬಂದವರು, “ರೇಡಿಯೋ ಹಾಳಾಯ್ದು. ಇಲ್ಲಿ ಯಾರಿಗೂ ರಿಪೇರಿ ಬತ್ತಿಲ್ಲೆ, ಹುಬ್ಬಳ್ಳಿಗೇ ತಗಂಡು ಹೋಗವು” ಎಂದು ಗೋಡೆಗೆ ಹೇಳಿದಂತೆ ಹೇಳಿದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ರಜೆ ಬರೆದು ಕೊಟ್ಟಿದ್ದಾರೆ. ಗುರುವಾರ ಬೆಳಗಿನ ಬಸ್ಸಿಗೆ ಕುಮಟೆಯ ಮೇಲೆ ಹೊರಟು ಸಂಜೆಗೆ ನಿನ್ನ ಅಂಗಡಿಗೆ ಬರುತ್ತಾರೆ. ಕರೆಯುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ, ಬರುತ್ತಾರೆ. ಕೋಟು ಕೊಡವಲು ತೆಗೆದಾಗ ನೋಡಿದೆ, ಒಳಜೇಬಿನಲ್ಲಿ ನನ್ನ ಹಳೇ ರವಿಕೆಯ ತುಂಡಿನಲ್ಲಿ ಸುತ್ತಿದ ಒಂದು ವಾಲ್ವು ಇದೆ. ರೇಡಿಯೋ ಕೆಟ್ಟಿಲ್ಲ. ಬಿಚ್ಚಿದ ಕೂಡಲೇ ನಿನಗೆ ಗೊತ್ತಾಗುತ್ತದೆ, ನಗಬೇಡ, ಏನೂ ಕೇಳಬೇಡ. ಅವರೇ ಜೇಬಿನಿಂದ ತೆಗೆದು ಕೊಡುವವರೆಗೆ ರಿಪೇರಿ ಮಾಡುತ್ತಲೇ ಇರು.