ಹಾಲವ್ವನಿಲ್ಲದ ಚಿತ್ರ

೧೯ ಜನವರಿ, ಭಾನುವಾರ, ಬೆಳಿಗ್ಗೆ

ಬಚ್ಚಲಮನೆಯಲ್ಲಿ ಎರಡನೇ ರೋಲ್. ಡೆವಲಪರ್ ಎಂಟು ನಿಮಿಷ, ನಡುನಡುವೆ ಡಬ್ಬಿ ಅಲುಗಿಸಬೇಕು. ಆ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ಕಾಲೇಜು ಲೈಬ್ರರಿಯಿಂದ ನಿವೃತ್ತನಾಗಿ ಆರು ವರ್ಷ. ಜಮಖಂಡಿಯಲ್ಲಿ ಇನ್ನೂ ಕಪ್ಪು-ಬಿಳುಪು ಫಿಲಂ ತೊಳೆಯುವವನು ನಾನೊಬ್ಬನೇ ಇರಬೇಕು.

ನಿನ್ನೆ ಬಾಡಗಂಡಿ ದಾಟಿ ಹಿನ್ನೀರಿನ ಕಡೆ ಹೋಗಿದ್ದೆ. ಪಾಳುಬಿದ್ದ ತೋಟದ ಮನೆಗಳ ಸರಣಿಗೆ ಇನ್ನೊಂದು ಬೇಕಿತ್ತು. ಸಿಕ್ಕಿತು. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಒಂದು ಮೂಲೆ ಕುಸಿದಿದೆ. ತೊಂದರೆ ಒಂದೇ — ಒಳಗೆ ಹೆಂಗಸೊಬ್ಬಳು ಇದ್ದಳು. ಹಾಲವ್ವ. ಗಂಡ ಗೂಳಪ್ಪ ದೀಪಾವಳಿ ಮುಗಿಸಿ ಕುರಿ ಹೊಡೆದುಕೊಂಡು ಹೋದವನು, ಮಳೆ ಬಿದ್ದ ಮೇಲೇ ಬರುವುದಂತೆ. ಚಹಾ ಕೊಟ್ಟಳು. ನಾನು ಕೇಳಿದ್ದಕ್ಕೆ ಹೊರಸು, ಕೊಡ, ಹಗ್ಗದ ಮೇಲಿನ ಸೀರೆ ಎಲ್ಲ ತಾನೇ ತೆಗೆದಿಟ್ಟಳು. ಹೊಗೆ ಬರುತ್ತದೆಂದೆ, ಒಲೆ ಆರಿಸಿದಳು. ಆಮೇಲೆ ಪಕ್ಕಕ್ಕೆ ಸರಿ ಎಂದೆ, ಬೇವಿನ ಗಿಡದ ಹಿಂದೆ ಹೋಗಿ ನಿಂತಳು. ಮೋಡ ಸರಿಯಲು ಮುಕ್ಕಾಲು ಗಂಟೆ. ನಿಂತೇ ಇದ್ದಳು.

ಹೊರಡುವಾಗ, ನಂದೂ ಒಂದು ತಗೀರಿ ಸರ, ಎಂದಳು. ಬಾಗಿಲಲ್ಲಿ ನಿಲ್ಲಿಸಿ ತೆಗೆದೆ. ಒಂದು ಫ್ರೇಮ್ ದಂಡ.

೨ ಮಾರ್ಚ್

ಸರಣಿಯ ಪ್ರದರ್ಶನ ಮುಗಿಯಿತು. ಮುಖ್ಯ ಅತಿಥಿಯ ಬಾಯಲ್ಲಿ 'ನಮ್ಮ ಬೇರುಗಳು' ಎಂಬುದು ಏಳು ಸಲ ಬಂತು. ಎಣಿಸಿದೆ. ಮೊದಲ ಸಲ ಹಿನ್ನೀರು ಬಂದಾಗ ಜನ ತೊಲೆ, ಬಾಗಿಲು, ಚೌಕಟ್ಟು ಕಿತ್ತು ಟ್ರ್ಯಾಕ್ಟರಿಗೆ ಹೇರಿಕೊಂಡು ಹೋಗಿದ್ದನ್ನು ಕಣ್ಣಾರೆ ಕಂಡವನು ನಾನು. ಆಗ ಈ ಮಹಾಶಯ ಯಾವ ಬೇರಿಗೆ ನೀರು ಹಾಕುತ್ತಿದ್ದ?

ಬಾಡಗಂಡಿ ಕಡೆಯ ಮನೆ ಎಲ್ಲರಿಗೂ ಹಿಡಿಸಿತು. ಪತ್ರಿಕೆಯಲ್ಲಿ ಕಾಲು ಪುಟ. ಊರಿನ ಹೆಸರೂ ಇದೆ. ಅಡಿಬರಹ ನನ್ನದೇ: 'ಮನುಷ್ಯರು ತೊರೆದ ಮನೆ'. ಬೆಳಗಾವಿಯ ಗ್ಯಾಲರಿಯವರು ಆಗಸ್ಟಿನಲ್ಲಿ ಅಲ್ಲಿಯೂ ಪ್ರದರ್ಶಿಸಲು ಕೇಳಿದ್ದಾರೆ.

೯ ಜೂನ್, ಮಧ್ಯಾಹ್ನ

ಹಾಲವ್ವ ಮನೆ ಹುಡುಕಿಕೊಂಡು ಬಂದಿದ್ದಳು. ಎರಡು ಬಸ್ಸು ಬದಲಿಸಿ.

ಅಣೆಕಟ್ಟು ಎತ್ತರಿಸುತ್ತಾರಂತೆ, ಹಿನ್ನೀರು ಇನ್ನೂ ಮೇಲೇರಲಿದೆ. ಆ ದಂಡೆಯ ಮನೆಗಳೆಲ್ಲ ಹೋಗುತ್ತವೆ. ವಾಸ ಇದ್ದವರಿಗೆ ಹೊಸ ಊರಲ್ಲಿ ಸೈಟು. ಪಟ್ಟಿಯಲ್ಲಿ ಇವಳ ಹೆಸರಿಲ್ಲ. ಸರ್ವೆಯವರು ಬಂದಾಗ ಗಂಡನಿಗೆ ಹಿಟ್ಟು, ಕಾಳು ಕಟ್ಟಿಕೊಂಡು ಕುರಿ ಇದ್ದಲ್ಲಿಗೆ ಹೋಗಿದ್ದಳು. ಬಾಗಿಲಿಗೆ ಕೀಲಿ. 'ವಾಸವಿಲ್ಲ' ಎಂದು ಬರೆದು ಹೋಗಿದ್ದಾರೆ.

"ವರ್ಷಾ ಹೋಗತೇವ್ರಿ ಸರ. ಕೀಲಿ ಹಾಕಿದ್ರ ಮನಿ ಬಿಟ್ಟಂಗ ಏನ್ರಿ?"

ಕುರಿಯವರ ಮನೆಗೆ ಬೇಸಿಗೆಯಲ್ಲಿ ಕೀಲಿ ಇರುತ್ತದೆಂದು ಈ ತಾಲೂಕಿನಲ್ಲಿ ಯಾರಿಗೆ ಗೊತ್ತಿಲ್ಲ? ಕೆಂಡವಾದೆ. ಪುನರ್ವಸತಿ ಕಚೇರಿಯವರನ್ನು ಬಾಯಿಗೆ ಬಂದಂತೆ ಬೈದೆ. ತಕರಾರು ಅರ್ಜಿ ಕೊಡಬೇಕಿತ್ತು ಎಂದೆ. ಕೊಟ್ಟಿದ್ದಾಳೆ. ತಿರಸ್ಕಾರವಾಗಿದೆ. ಯಾಕೆ ಎಂದು ಕೇಳಿದರೆ ಗುಮಾಸ್ತ ಫೈಲಿನಿಂದ ಒಂದು ಪೇಪರ್ ಕಟಿಂಗ್ ತೆಗೆದು ತೋರಿಸಿದನಂತೆ.

ಅದರ ಜೆರಾಕ್ಸ್ ಮಡಿಲಿನಿಂದ ತೆಗೆದಳು. ನನ್ನ ಚಿತ್ರ. ನನ್ನ ಅಡಿಬರಹ.

"ಕೆಳಗ ನಿಮ್ಮ ಹೆಸರೈತಂತ. ನೀವು ಹೇಳಿದ್ರ ಕೇಳತಾರು."

ಸಿಟ್ಟೇ ಇಲ್ಲ ಆಕೆಗೆ. ಬೈದಿದ್ದರೆ ಕುಡಿಯಲು ನೀರಾದರೂ ಕೊಡುತ್ತಿದ್ದೆನೇನೋ. ಅದನ್ನೂ ಮರೆತೆ.

೧೧ ಜೂನ್

ಸಂಪಾದಕರಿಗೆ ಪತ್ರ ಬರೆಯಲು ಕೂತೆ. ಅಧಿಕಾರಿಗಳ ಉಡಾಫೆ, ಅಲೆಮಾರಿ ಬದುಕಿನ ಬಗ್ಗೆ ಅಜ್ಞಾನ... ಎರಡು ಪುಟ. ಚೆನ್ನಾಗಿ ಬಂತು. ನನ್ನ ಚಿತ್ರದ ವಿಷಯ ಎಲ್ಲಿಯೂ ಇಲ್ಲ. ಮತ್ತೆ ಓದಿದೆ. ಹರಿದೆ.

೧೭ ಜೂನ್

ಕಚೇರಿ. ನೆಗೆಟಿವ್ ಪಟ್ಟಿ ಒಯ್ದಿದ್ದೆ — ಹನ್ನೊಂದನೆಯದರಲ್ಲಿ ಖಾಲಿ ಮನೆ, ಹನ್ನೆರಡನೆಯದರಲ್ಲಿ ಬಾಗಿಲಲ್ಲಿ ಹಾಲವ್ವ. ಒಂದೇ ಫಿಲಂ, ಒಂದೇ ಬಾಗಿಲು, ಅದೇ ನೆರಳು. ಸಾಹೇಬ ನನ್ನ ಲೈಬ್ರರಿಯಲ್ಲೇ ಓದಿ ಪರೀಕ್ಷೆ ಪಾಸಾದವನು. ಎದ್ದು ನಿಂತು ನಮಸ್ಕಾರ ಮಾಡಿದ. ಪಟ್ಟಿಯನ್ನು ಕಿಟಕಿಗೆ ಹಿಡಿದು ನೋಡಿದ.

"ಆವತ್ತ ಮಂದಿ ಇಲ್ಲ ಅಂದ್ರಿ, ಊರೆಲ್ಲ ನಂಬಿತು. ಇವತ್ತ ಅದಾರ ಅಂತೀರಿ. ನಾ ಯಾವ ಸರನ್ನ ನಂಬಲ್ರಿ?"

ಪಕ್ಕದ ಟೇಬಲ್ಲಿನವರು ನಕ್ಕರು. ನಗಲಿ. ಮೂವತ್ತು ವರ್ಷದಿಂದ ಇಂಥವರ ಸುಳ್ಳು ಲೆಕ್ಕದ ಬಗ್ಗೆ ಬರೆಯುತ್ತ ಬಂದವನು ನಾನು. ಅವರಿಗೆ ಬೇಕಾದ ಸುಳ್ಳನ್ನು ಈ ಸಲ ಚೌಕಟ್ಟು ಹಾಕಿಸಿ ಕೊಟ್ಟಿದ್ದೇನೆ.

ಹೊರಗೆ ಮೆಟ್ಟಿಲ ಮೇಲೆ ಗೂಳಪ್ಪ ಇದ್ದ. ಮೊನ್ನೆ ಊರಿಗೆ ಬಂದಿದ್ದಾನೆ. ಹೆಗಲಿಗೆ ಕಂಬಳಿ. ನನ್ನತ್ತ ನೋಡಿದ. ಪಕ್ಕದಲ್ಲಿದ್ದ ಹಾಲವ್ವ ಅವನಿಗೆ ಹೇಳಿದಳು: "ಬಾಜೂಕ ಸರಿ ಅಂದ್ರು ಸರ. ಸರದ್ನಿ. ನಂದೂ ತಪ್ಪೈತಿ."

೨೪ ಜೂನ್

ವಕೀಲೆ ಉಜ್ವಲಾ ಮೇಲ್ಮನವಿ ಹಾಕಿದ್ದಾಳೆ. ವಿಚಾರಣೆ ಮೂವತ್ತಕ್ಕೆ. ನನ್ನ ಅಫಿಡವಿಟ್ ಇಲ್ಲದೆ ಕೇಸು ನಿಲ್ಲುವುದಿಲ್ಲವಂತೆ. 'ಕಣ್ತಪ್ಪಿನಿಂದ' ಎಂದು ಬರೆಯೋಣ ಎಂದಳು. ನನ್ನ ಮರ್ಯಾದೆ ಉಳಿಸಲು. ಕಣ್ತಪ್ಪು ಹೇಗಾಗುತ್ತದೆ? ಮುಕ್ಕಾಲು ಗಂಟೆ ಕಣ್ಣಿಟ್ಟು ಕಾದಿದ್ದೆ.

"ಹಂಗಾದ್ರ ಆಕಿನ್ನ ಯಾಕ ಸರಸಿದ್ರಿ ಅಂತ ಕೇಳೇ ಕೇಳತಾರ ಸರ. ಕಾರಣ ನೀವ ಬರಕೊಂಡ ಬರ್ರಿ."

ಬೆಳಗಾವಿಗೆ ನಾನೇ ಫೋನ್ ಮಾಡಿ ವಿಷಯ ತಿಳಿಸಿದೆ. ಯಾರಿಗೂ ಗೊತ್ತಾಗುವುದಿಲ್ಲ, ಸುಮ್ಮನಿರಿ ಎಂದರು. ಅಫಿಡವಿಟ್ ಕೊಟ್ಟರೆ ಪ್ರದರ್ಶನ ಇಲ್ಲವಂತೆ. ಅದೂ ಸರಿಯೇ.

ಕೊಡಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ ಎಂಬುದನ್ನೂ ಬರೆದಿಡಬೇಕು. ಒಂದೇ ನಿಮಿಷ ಸಾಕಿತ್ತು.

೨೯ ಜೂನ್, ಸಂಜೆ

ನಾಳೆ ಹನ್ನೊಂದಕ್ಕೆ. ಗಂಡಹೆಂಡತಿ ಮೊದಲ ಬಸ್ಸಿಗೆ ಬರುತ್ತಾರೆ.

ಮಿಕ್ಕಿದ್ದೆಲ್ಲ ಬರೆದಾಯಿತು. ಆ ದಿನ ಮನೆಯಲ್ಲಿ ವಾಸವಿತ್ತು, ಒಲೆ ಉರಿಯುತ್ತಿತ್ತು, ಆರಿಸಲು ಹೇಳಿದವನು ನಾನು. ಕಾರಣ ಮಾತ್ರ ಉಳಿದಿದೆ. ಕಲೆಗಾಗಿ ಎಂದು ಬರೆದೆ. ಹೊಡೆದು ಹಾಕಿದೆ. ಸರಣಿಯ ಏಕಸೂತ್ರತೆಗಾಗಿ... ಛೇ. ಓದಿದ್ದು ಹೆಚ್ಚಾದರೆ ಇಂಥ ಮಾತುಗಳೇ ಬರುತ್ತವೆ.

ಹಾಲವ್ವ ಫೋನ್ ಮಾಡಿದ್ದಳು, ರೇಷನ್ ಕಾರ್ಡು ತರಬೇಕೇ ಎಂದು ಕೇಳಲು. ಇನ್ನೂ ಬರೆಯುತ್ತಿದ್ದೇನೆ, ಕಾರಣ ಸಿಗುತ್ತಿಲ್ಲ ಎಂದುಬಿಟ್ಟೆ. ಆಕೆ ತಡವರಿಸಲಿಲ್ಲ.

"ಚಂದ ಕಾಣಲಿ ಅಂತ ಸರಸಿದ್ರಿ. ಅಷ್ಟ ಬರೀರಿ. ಅದರಾಗೇನೈತಿ?"

ಅಷ್ಟೇ. ಬೇರೆ ಕಾರಣ ಇಲ್ಲ. ಬರೆಯುತ್ತೇನೆ. ನಾಳೆ ಅದನ್ನು ಆಕೆಯ ಎದುರಿಗೇ ಓದಬೇಕು — ಆಕೆ ಇದ್ದರೆ ಮನೆ ಚಂದ ಕಾಣುವುದಿಲ್ಲವೆಂದು ನಾನೇ ಸರಿಸಿದೆ ಎಂದು.