ನಾಳೆ ಅಕ್ಕನ ಅಂಗಡಿ

ಮಂಗಳವಾರ, ಮಧ್ಯಾಹ್ನ

ನನ್ನ ಗಡಿಬಿಡಿಗೆ,

ಅಕ್ಕನ ಪ್ರೀತಿ ಮೊದಲು, ಉಳಿದದ್ದೆಲ್ಲ ಆಮೇಲೆ. ಈ ಕಾಗದವನ್ನು ನೀನು ಬಸ್ಸಿಗೆ ಕಾಯುತ್ತಾ ನಿಂತೇ ಓದುತ್ತೀಯೆಂದು ಗೊತ್ತು. ಬೇಡ, ಎಲ್ಲಾದರೂ ಕೂತು ಓದು. ಫೋನಿನಲ್ಲಿ ಹೇಳಬಹುದಿತ್ತು ನಿಜ. ಆದರೆ ಫೋನಿನಲ್ಲಿ ನೀನು ಬೇಗ ಹೇಳು, ಬೇಗ ಹೇಳು ಎಂದು ಅವಸರ ಮಾಡುತ್ತೀಯ. ನನಗೆ ಹೇಳಬೇಕಾದದ್ದೇ ಮರೆತುಹೋಗಿ, ನಿಮ್ಮಲ್ಲಿ ಚಳಿ ಹೇಗಿದೆ ಎಂದು ಕೇಳಿ ಇಟ್ಟುಬಿಡುತ್ತೇನೆ.

ಮೊದಲು ನಿನ್ನ ಕೋಟಿನ ಸುದ್ದಿ. ಆಗಿದೆ. ಲೈನಿಂಗ್ ಹಾಕಿ, ಗುಂಡಿ ಹಚ್ಚಿ, ಇಸ್ತ್ರಿ ಮಾಡಿ ಗೋಡೆಯ ಮೊಳೆಗೆ ತೂಗುಹಾಕಿದ್ದೇನೆ. ಮುಂದಿನ ತಿಂಗಳು ನೀನು ಸೇರಲಿರುವ ಆ ದೂರದ ಆಸ್ಪತ್ರೆಯ ಚಳಿಯನ್ನು ಅದು ಧಾರಾಳವಾಗಿ ತಡೆದೀತು. ಬಂದು ತೆಗೆದುಕೊಂಡು ಹೋಗುವುದಕ್ಕೆ ಒಂದಿಡೀ ದಿನ ದಂಡ, ಪಾರ್ಸೆಲ್ ಮಾಡಿಬಿಡು ಎಂದಿದ್ದೆಯಲ್ಲ, ನಾಳೆ ಕಳಿಸುತ್ತೇನೆ. ನಗಬೇಡ. ಈ ಸಲದ ನಾಳೆ ನಿಜವಾದ ನಾಳೆ.

ನೀನು ರಜೆ ಹಾಕಿ ಬಂದಿದ್ದಾಗ ಅಂಗಡಿಗೆ ಮಾಡಿಹೋದ ಉಪಕಾರದ ವರದಿಯನ್ನೂ ಕೊಡಬೇಕು. ನಾನು ಕೇಳಿದ್ದು ಗುಂಡಿಯ ಡ್ರಾಯರೊಂದನ್ನು ಸರಿಮಾಡಿಕೊಡು ಎಂದು. ನೀನು ಬೆರಳು ತೋರಿಸಿದರೆ ಹಸ್ತ ನುಂಗುವವಳು. ನೆಲದ ಮೇಲೆ ಮೂರು ಬುಟ್ಟಿ ಇಟ್ಟು, ಇದು ‘ಬೇಕು’, ಇದು ‘ಬೇಡ’, ಇದು ‘ನೋಡೋಣ’ ಎಂದೆ. ಸಂಜೆಯ ಹೊತ್ತಿಗೆ ಆ ‘ನೋಡೋಣ’ ಬುಟ್ಟಿಯನ್ನೂ ಎತ್ತಿ ‘ಬೇಡ’ದ ಮೇಲೆ ಸುರಿದುಬಿಟ್ಟೆ. ನೋಡೋಣ ಅಂದರೆ ಬೇಡ ಅಂತಲೇ ಅರ್ಥ, ಧೈರ್ಯ ಇಲ್ಲದವರು ಹಾಗೆ ಹೇಳುತ್ತಾರೆ ಎಂದು ಬೇರೆ ಹೇಳಿದೆ. ನನ್ನ ಬದುಕೆಲ್ಲ ಆ ಬುಟ್ಟಿಯಲ್ಲೇ ಇತ್ತು ಕಣೇ. ಆದರೆ ಆಸ್ಪತ್ರೆಯಲ್ಲಿ ಅಷ್ಟೊಂದು ನರ್ಸುಗಳಿಗೆ ಪಾಳಿ ಹಾಕಿಕೊಡುವವಳು, ನಿನ್ನ ಮುಂದೆ ನನ್ನದೇನು ನಡೆದೀತು?

ಬೇಕಾದ್ದು, ಬೇಡದ್ದು ವಿಂಗಡವಾದ ಮೇಲೆ ನನ್ನ ಸಮಯಕ್ಕೆ ಕೈ ಹಾಕಿದೆ. ಬೆಳಗ್ಗೆ ಕತ್ತರಿಸುವ ಕೆಲಸ, ಮಧ್ಯಾಹ್ನ ಹೊಲಿಗೆ, ಸಂಜೆ ಕಾಜಾ, ಗುಂಡಿ. ಒಂದು ಬಟ್ಟೆ ಮುಗಿಯದೆ ಇನ್ನೊಂದನ್ನು ಮುಟ್ಟಬಾರದು. ಹೇಳಿದ ದಿನಕ್ಕೆ ಕೊಡಬೇಕು. ‘ನಾಳೆ ಬನ್ನಿ’ ಎಂಬ ಮಾತು ಬಾಯಲ್ಲಿ ಬರಕೂಡದು. ಬೀದಿಯವರೆಲ್ಲ ನನ್ನನ್ನು ‘ನಾಳೆ ಅಕ್ಕ’ ಎಂದು ಕರೆಯುವುದು ನಿನಗೆ ಅವಮಾನವಾಗಿ ಕಂಡಿತು. ನನಗೆ ಯಾವತ್ತೂ ಹಾಗೆ ಅನಿಸಿರಲಿಲ್ಲ.

ಆವತ್ತು ನಾನೊಂದು ಮಾತು ಹೇಳಲು ಹೋದೆ, ನೀನು ಬಿಡಲಿಲ್ಲ. ಈಗ ಹೇಳುತ್ತೇನೆ. ನಾಳೆ ಬನ್ನಿ ಎನ್ನುವುದು ನನ್ನ ಸೋಮಾರಿತನವಲ್ಲ. ಎಷ್ಟೋ ಬಟ್ಟೆ ಆಗಿ, ಮಡಚಿ, ಒಳಗಿನ ಕಪಾಟಿನಲ್ಲೇ ಇರುತ್ತಿದ್ದವು. ಆದರೂ ಬಂದವರಿಗೆ ಇನ್ನೊಂದು ಗುಂಡಿ ಬಾಕಿ, ಕೂತಿರಿ ಎನ್ನುತ್ತಿದ್ದೆ. ಅವರು ಕಿಟಕಿಯ ಪಕ್ಕದ ಕುರ್ಚಿಯ ಮೇಲಿನ ಚಿಂದಿಯನ್ನು ತಾವೇ ಸರಿಸಿ ಕೂರುತ್ತಿದ್ದರು. ಅತ್ತೆಯ ಮೇಲಿನ ದೂರು, ಮಗನ ಪರೀಕ್ಷೆ, ಮಂಡಿನೋವು, ಎಲ್ಲ ಹೊರಗೆ ಬರುತ್ತಿತ್ತು. ನಾನು ಆಗಲೇ ಹೊಲಿದಾಗಿದ್ದ ಗುಂಡಿಯನ್ನು ಸುಮ್ಮನೆ ಕೈಯಲ್ಲಿ ಹಿಡಿದುಕೊಂಡು ಕೇಳುತ್ತಿದ್ದೆ. ಒಂದು ಬಟ್ಟೆಗೆ ಒಬ್ಬರು ಮೂರು ಸಲ ಬಂದರೆ ನನಗೆ ಮೂರು ಸಂಜೆ ಕಳೆಯುತ್ತಿತ್ತು.

ಅದನ್ನೇ ನಿನಗೆ ಅರ್ಧ ಹೇಳಿದ್ದಕ್ಕೆ ನೀನು ಕುರ್ಚಿಯ ಮೇಲಿನ ಧೂಳು ಒರೆಸುತ್ತಾ, “ಜನ ಬರೋದು ಬಟ್ಟೆಗೆ ಅಕ್ಕಾ, ನಿನಗಲ್ಲ” ಎಂದೆ. ನೀನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಗೊತ್ತು. ಆದರೆ ನನಗೂ ಸಿಟ್ಟು ಬಂತು. ನಿನ್ನನ್ನು ಬಸ್ ಹತ್ತಿಸಲು ಬರಲಿಲ್ಲ. ಸೂಜಿಗೆ ದಾರ ಪೋಣಿಸುತ್ತಾ ಕೂತಿದ್ದೆ, ಪೋಣಿಸಲು ಆಗುತ್ತಲೇ ಇರಲಿಲ್ಲ.

ಆಮೇಲೆ ಹಠ ಹಿಡಿದು ನೀನು ಹೇಳಿದ ಹಾಗೆಯೇ ಮಾಡಿದೆ. ಈಗ ಅಂಗಡಿ ನೋಡಬೇಕು ನೀನು. ದಾರಗಳು ಬಣ್ಣದ ಪ್ರಕಾರ ನಿಂತಿವೆ. ಕತ್ತರಿ ಕತ್ತರಿಯ ಜಾಗದಲ್ಲೇ ಸಿಗುತ್ತದೆ. ಮಿಷನ್ನಿನ ಕೆಳಗೆ ನೆಲವಿದೆ ಎಂದು ಈಗ ತಿಳಿಯಿತು. ಹೇಳಿದ ದಿನಕ್ಕೆ ಬಟ್ಟೆ ತಯಾರು. ಜನಕ್ಕೆ ಆಶ್ಚರ್ಯವೋ ಆಶ್ಚರ್ಯ. ಬರುತ್ತಾರೆ, ಹೊಗಳುತ್ತಾರೆ, ದುಡ್ಡು ಕೊಡುತ್ತಾರೆ, ಹೋಗುತ್ತಾರೆ. ಯಾರೂ ಕೂರುವುದಿಲ್ಲ. ಸಂಜೆ ಐದಕ್ಕೆಲ್ಲ ನನ್ನ ಕೈ ಖಾಲಿ. ಸಮಯ ಉಳಿಸುವುದನ್ನು ಹೇಳಿಕೊಟ್ಟೆ, ಉಳಿದದ್ದನ್ನು ಯಾವ ಬುಟ್ಟಿಗೆ ಹಾಕಬೇಕೆಂದು ಹೇಳಿಕೊಡಲಿಲ್ಲ.

ಎದುರಿನ ಬೇಕರಿಯವನಿಗೂ ನಿನ್ನ ಮೇಲೆ ಕೋಪ. ನನ್ನ ಅಂಗಡಿಯಲ್ಲಿ ಕಾಯುವವರು ಅವನಲ್ಲಿ ಚಹಾ ತರಿಸುತ್ತಿದ್ದರಂತೆ, ಈಗ ಕಾಯುವವರೇ ಇಲ್ಲ. ನಿಮ್ಮ ತಂಗಿ ಇನ್ನೊಮ್ಮೆ ಬಂದರೆ ಮೊದಲು ನನಗೆ ತಿಳಿಸಿ, ನಾನು ಬಾಗಿಲು ಹಾಕಿಕೊಳ್ಳುತ್ತೇನೆ ಎಂದ. ಇಬ್ಬರೂ ನಕ್ಕೆವು. ಅವನು ಒಳಗೆ ಹೋದ ಮೇಲೆ ನಾನೊಬ್ಬಳೇ ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತಿದ್ದೆ.

ಲೆಕ್ಕದ ಟೀಚರ್ ನಿನಗೆ ನೆನಪಿರಬೇಕು. ನಿವೃತ್ತರಾಗಿ ಬೀದಿಯ ಕೊನೆಯ ಮನೆಯಲ್ಲಿ ಒಬ್ಬರೇ ಇದ್ದಾರೆ, ನೀನು ಬಂದಿದ್ದಾಗ ನಿನ್ನ ಟೈಮ್ ಟೇಬಲ್ ನೋಡಿ ಭೇಷ್ ಎಂದವರು. ಹೋದ ವಾರ ಒಂದು ಮೇಲಂಗಿ ಹೊಲಿಯಲು ಕೊಟ್ಟಿದ್ದರು. ಹೇಳಿದ ದಿನ ಬಂದರು. ನಾನು ಕೂಡಲೇ ತೆಗೆದು ಕೈಗಿಟ್ಟೆ. “ಓ, ಆಗೇ ಹೋಯ್ತಾ?” ಎಂದರು. ಒಂದು ಕೈ ಆಗಲೇ ಕುರ್ಚಿಯ ಬೆನ್ನಿನ ಮೇಲಿತ್ತು, ಕೂರಲೆಂದೇ. ಅದನ್ನು ಹಿಂದಕ್ಕೆ ತೆಗೆದುಕೊಂಡು, ಅಂಗಿಯನ್ನು ಬಿಚ್ಚಿಯೂ ನೋಡದೆ ಹೋದರು.

ಮಾರನೆಯ ದಿನ ಮತ್ತೆ ಬಂದರು. ಕೈಯಲ್ಲಿ ಕಿಟಕಿಯ ಪರದೆ. ಅಂಚು ಬಿಟ್ಟುಹೋಗಿದೆ, ಯಾಕೋ ಗೊತ್ತಿಲ್ಲ, ಹಳೆಯದಾಯಿತಲ್ಲ ಎಂದರು. ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಸವೆದು ಬಿಟ್ಟ ದಾರದ ತುದಿ ಗುಂಜುಗುಂಜಾಗಿ ಕೆದರಿರುತ್ತದೆ. ಈ ದಾರದ ತುದಿ ನೀಟಾಗಿತ್ತು, ಕತ್ತರಿ ಆಡಿಸಿದ ಹಾಗೆ. ತಲೆಯೆತ್ತಿದೆ. ಅವರು ಬೀದಿಯ ಕಡೆ ನೋಡುತ್ತಿದ್ದರು. ಕೈಯಲ್ಲೇ ಹೊಲಿದರೂ ಹತ್ತು ನಿಮಿಷದ ಕೆಲಸ ಅದು. ನಾನು ಹೇಳಿದೆ, “ಇದಕ್ಕೆ ಸ್ವಲ್ಪ ದಿನ ಹಿಡಿಯುತ್ತೆ ಟೀಚರ್. ನಾಳೆ ಬನ್ನಿ.” ಅವರ ಮುಖ ಅರಳಿದ್ದನ್ನು ನೀನು ನೋಡಬೇಕಿತ್ತು. ಮಾರನೆಯ ದಿನ ಬಂದು ಕತ್ತಲಾಗುವವರೆಗೆ ಕೂತಿದ್ದರು. ಪರದೆಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದಿನ್ನೂ ಇಲ್ಲೇ ಇದೆ.

ಆದ್ದರಿಂದ ನಿನ್ನ ಮಾತು ಅರ್ಧ ಸರಿ. ಜನ ಬಟ್ಟೆಗೇ ಬರುತ್ತಾರೆ. ಬಟ್ಟೆಯ ನೆಪ ಇಟ್ಟುಕೊಂಡು ಬರುವವರು ಒಬ್ಬಿಬ್ಬರಾದರೂ ಇರುತ್ತಾರೆ.

ಇಷ್ಟು ಬರೆದ ಮೇಲೆ ಮುಚ್ಚಿಡುವುದೇನು, ನನಗೆ ಒಂಟಿ ಅನಿಸುತ್ತದೆ. ಅಮ್ಮ ಹೋದಾಗಲೂ ಇಷ್ಟು ಅನಿಸಿರಲಿಲ್ಲ, ಆಗ ಮೈತುಂಬ ಕೆಲಸವಿತ್ತು, ಅಂಗಡಿ ತುಂಬ ರಾಶಿಯಿತ್ತು. ಈಗ ಎಲ್ಲ ಚೊಕ್ಕವಾಗಿದೆ. ಮಿಷನ್ ನಿಲ್ಲಿಸಿದರೆ ಗೋಡೆ ಗಡಿಯಾರದ ಸದ್ದು ಕೇಳುತ್ತದೆ. ಅಂಗಡಿಯಲ್ಲಿ ಗಡಿಯಾರಕ್ಕೆ ಸದ್ದಿದೆ ಎಂದೇ ನನಗೆ ಗೊತ್ತಿರಲಿಲ್ಲ. ನೀನು ಚಿಕ್ಕವಳಿದ್ದಾಗ ಅಮ್ಮ ನಿನ್ನನ್ನು ಕಚ್ಚಾ ಹೊಲಿಗೆಯ ದಾರ ಎಳೆಯಲು ಇದೇ ಮಿಷನ್ನಿನ ಕೆಳಗೆ ಕೂರಿಸುತ್ತಿದ್ದಳು. ನೀನು ಗಡಿಬಿಡಿಯಲ್ಲಿ ದಾರದ ಜೊತೆ ಬಟ್ಟೆಯನ್ನೂ ಹರಿದು, ಅಳುತ್ತಾ ನನ್ನ ಹತ್ತಿರ ಬರುತ್ತಿದ್ದೆ. ನಾನು ಗೊತ್ತಾಗದ ಹಾಗೆ ಹೊಲಿದುಕೊಡುತ್ತಿದ್ದೆ. ನಿನ್ನ ಹೆಸರು ಗಡಿಬಿಡಿ ಆದದ್ದು ಅಲ್ಲೇ.

ಇರಲಿ. ಹೊಸ ಕೆಲಸದಲ್ಲಿ ನಿನಗೆ ಒಳ್ಳೆಯದಾಗಲಿ. ಅಲ್ಲಿಂದ ಇಲ್ಲಿಗೆ ಎರಡು ರೈಲು ಬದಲಿಸಬೇಕಂತೆ, ಹೋದ ಮೇಲೆ ಬೇಗ ಬರುವುದು ಆಗದ ಮಾತು ಎಂದು ನನಗೂ ಗೊತ್ತು. ನನ್ನ ಚಿಂತೆ ಮಾಡಬೇಡ, ನಾನು ಚೆನ್ನಾಗಿದ್ದೇನೆ. ಕೋಟು ತಲುಪಿದ ಮೇಲೆ ಒಂದು ಫೋನ್ ಮಾಡು. ಬೇಗ ಹೇಳು ಎನ್ನದೆ ಮಾಡು.

ಕುರ್ಚಿ ಒರೆಸಿಟ್ಟುಕೊಂಡಿರುವ,
ನಿನ್ನ ನಾಳೆ ಅಕ್ಕ

ತಾ.ಕ.: ಕಾಗದ ಮುಗಿಸಿ ಪಾರ್ಸೆಲ್ ಮಾಡೋಣವೆಂದು ಕೋಟನ್ನು ಮೊಳೆಯಿಂದ ಇಳಿಸಿದೆ. ಈಗ ನೋಡಿದರೆ ಎಡತೋಳು ಭುಜದಿಂದ ಪೂರ್ತಿ ಬಿಟ್ಟುಕೊಂಡಿದೆ. ಹೇಗೆ ಬಿಟ್ಟಿತೋ ಗೊತ್ತಿಲ್ಲ. ದಾರದ ತುದಿಗಳು ನೀಟಾಗಿವೆ, ಟೀಚರ್ ಪರದೆಯಲ್ಲಿ ಇದ್ದ ಹಾಗೆಯೇ. ತೋಳು ಕೂರಿಸಬೇಕಾದರೆ ಮೈಮೇಲೆ ಹಾಕಿಯೇ ನೋಡಬೇಕು, ಪಾರ್ಸೆಲಿನಲ್ಲಿ ಆಗುವ ಕೆಲಸವಲ್ಲ. ನಾಳೆ ಬಾ.