ಪಕ್ಕದ ತಾಕು

ಜೂನ್ ೯, ಮಂಗಳವಾರ

ಹೊಟ್ಟೆಕಿಚ್ಚು ಅಂತಲೇ ಬರೆಯುತ್ತೇನೆ, ಇಲ್ಲಿ ಓದುವವರು ಯಾರಿದ್ದಾರೆ.

ಬಿರುಗಾಳಿಗೆ ಬೆಟ್ಟದ ಕಾಡೆಲ್ಲ ನೆಲಕಚ್ಚಿದ ಮೇಲೆ ನಮ್ಮ ಅರಣ್ಯ ಸಂಸ್ಥೆಯವರು ನನಗೂ ನಮ್ಮ ಯಜಮಾನರಿಗೂ ಸಂಶೋಧನೆಗೆಂದು ಪಕ್ಕಪಕ್ಕದಲ್ಲೇ ಒಂದೊಂದು ತಾಕು ಜಾಗ ಕೊಟ್ಟರು. ನಾನು ಬಿದ್ದ ಮರಗಳನ್ನು ಸಾಗಿಸಿ, ಸೊಂಟ ಬಿದ್ದುಹೋಗುವಷ್ಟು ಸಸಿ ನೆಟ್ಟೆ. ಇವರು ಮರಗಳನ್ನು ಬಿದ್ದಲ್ಲೇ ಬಿಟ್ಟು, ಸುತ್ತ ಬೇಲಿ ಹಾಕಿ, ಕೈಕಟ್ಟಿ ಕೂತರು. ಈಗ ನನ್ನ ಸಸಿಗಳು ಬಿಸಿಲಿಗೆ ಸೊರಗಿವೆ. ಇವರ ಕೊಳೆತ ದಿಮ್ಮಿಗಳ ನೆರಳಲ್ಲಿ ಕಾಡು ತಾನಾಗಿಯೇ ಹುಟ್ಟುತ್ತಿದೆ.

"ನಿಮ್ಮ ಯಜಮಾನ್ರ ತಾಕು ನೋಡ್ಕೊಂಡು ಬನ್ನಿ, ಕಲಿಯೋದಿದೆ," ಎಂದರು ಸಂಸ್ಥೆಯ ನಿರ್ದೇಶಕರು ಇವತ್ತು, ಎಲ್ಲರ ಮುಂದೆ.

ಸಂಜೆ ಹೋದೆ. ಬೇಲಿಯ ತಂತಿ ಒಂದು ಕಡೆ ಕಿತ್ತುಹೋಗಿತ್ತು, ಜಿಂಕೆ ನುಗ್ಗುವಷ್ಟು. ಒಂದು ರಾತ್ರಿ ಸಾಕು, ಚಿಗುರೆಲ್ಲ ಖಾಲಿ. ಕಂಡೂ ಸುಮ್ಮನೆ ಬಂದೆ.

ಊಟಕ್ಕೆ ಕೂತಾಗ ಇವರ ಸಮಾಧಾನ ಬೇರೆ. "ನಿಂದೂ ಚಿಗುರತ್ತೆ ಬಿಡೇ."

ಆಗಲೂ ತಂತಿ ಕಿತ್ತುಹೋಗಿದ್ದನ್ನು ಹೇಳಲಿಲ್ಲ.

ಇವರು ಗೊರಕೆ ಹೊಡೆಯುತ್ತಿದ್ದಾರೆ, ನನಗೆ ನಿದ್ದೆಯಿಲ್ಲ. ಟಾರ್ಚು, ಇಕ್ಕಳ ಚೀಲಕ್ಕೆ ಹಾಕಿಕೊಂಡಿದ್ದೇನೆ. ಈಗಲೇ ಹೋಗಿ ತಂತಿ ಬಿಗಿದು ಬರುತ್ತೇನೆ. ಇವರಿಗೆ ಮಾತ್ರ ಗೊತ್ತಾಗಬಾರದು. ಗೊತ್ತಾದರೆ ಥ್ಯಾಂಕ್ಸ್ ಹೇಳುತ್ತಾರೆ. ಅದೊಂದನ್ನು ನನ್ನ ಕೈಲಿ ತಡೆದುಕೊಳ್ಳಲು ಆಗುವುದಿಲ್ಲ.